‘ರೆಡ್’ ಪದದ ಹಳೆಯ ರೂಪ ಕಂಡುಹಿಡಿಯುವುದು ಹೇಗೆ? ಹಂತ ಹಂತವಾಗಿ

‘ಇಂಗ್ಲಿಷಿನ ರೆಡ್, ಸಂಸ್ಕೃತದ ರುಧಿರ ಎರಡೂ ಒಂದೇ ಪದವಾ?’ ತುಂಬಾ ಜನ ಕೇಳುವ ಪ್ರಶ್ನೆ ಇದು. ಅದರ ಬೆನ್ನಿಗೇ ಇನ್ನೊಂದು ಬರುತ್ತದೆ: ‘ಯಾರೂ ಬರೆದಿಡದ ಭಾಷೆಯಲ್ಲಿ ಪದ ಹೀಗೇ ಇತ್ತು ಅಂತ ಹೇಗೆ ಹೇಳ್ತಾರೆ? ಸುಮ್ನೆ ಊಹೆ ಅಲ್ವಾ?’

ಊಹೆ ಹೌದು, ಆದರೆ ಸುಮ್ನೆ ಅಲ್ಲ. ಇಲ್ಲಿ ಒಂದೊಂದು ಧ್ವನಿಗೂ ಲೆಕ್ಕ ಕೊಡಬೇಕು. ಆ ಲೆಕ್ಕ ಹೇಗೆ ಹಾಕುತ್ತಾರೆ ಎಂದು ‘ರೆಡ್’ ಎಂಬ ಒಂದೇ ಗುಣವಾಚಕವನ್ನು ಹಿಡಿದು ತೋರಿಸುತ್ತೇನೆ. ನೀವೂ ಜೊತೆಗೆ ನೋಟ್‌ಬುಕ್ಕಿನಲ್ಲಿ ಬರೆಯುತ್ತಾ ಬನ್ನಿ. ಓದಿದರೆ ಅರ್ಧ ತಿಳಿಯುತ್ತದೆ, ಬರೆದರೆ ಪೂರ್ತಿ ತಿಳಿಯುತ್ತದೆ.

ಶುರು ಮಾಡುವ ಮೊದಲು

ಬೇಕಾದದ್ದು ಮೂರೇ. ಅಗಲವಾದ ಹಾಳೆಯ ನೋಟ್‌ಬುಕ್, ಪದಗಳ ಮೂಲ ಹೇಳುವ ಒಂದು ನಿಘಂಟು, ಒಂದು ಸಂಜೆಯ ಬಿಡುವು. ಶಾಲೆಯಲ್ಲಿ ಕಲಿತ ಗುಣಸಂಧಿ ನೆನಪಿದ್ದರೆ ಇನ್ನೂ ಒಳ್ಳೆಯದು, ಮುಂದೆ ಕೆಲಸಕ್ಕೆ ಬರುತ್ತದೆ.

ಕೆಲವು ಹೆಸರು ತಿಳಿದಿರಲಿ. ಇಂಗ್ಲಿಷ್, ಜರ್ಮನ್, ಡಚ್, ಸ್ವೀಡಿಷ್, ಐಸ್‌ಲ್ಯಾಂಡಿಕ್ ಇವೆಲ್ಲ ಜರ್ಮ್ಯಾನಿಕ್ ಕುಟುಂಬದ ಭಾಷೆಗಳು. ಇವುಗಳ ತಾಯಿ ಭಾಷೆಗೆ ಮೂಲ ಜರ್ಮ್ಯಾನಿಕ್ ಎನ್ನುತ್ತಾರೆ. ಅದನ್ನು ಆಡಿದ್ದು ದಕ್ಷಿಣ ಸ್ಕ್ಯಾಂಡಿನೇವಿಯ ಮತ್ತು ಉತ್ತರ ಜರ್ಮನಿಯ ಕಡೆ, ಕ್ರಿಸ್ತಪೂರ್ವದ ಕೊನೆಯ ಶತಮಾನಗಳಲ್ಲಿ. ಅದರಲ್ಲಿ ಬರೆದ ಒಂದು ಪುಸ್ತಕವೂ ಇಲ್ಲ. ಅದಕ್ಕೂ ಹಿಂದಿನದು ಮೂಲ ಇಂಡೋ-ಯುರೋಪಿಯನ್. ಸಂಸ್ಕೃತ, ಗ್ರೀಕ್, ಲ್ಯಾಟಿನ್ ಕೂಡ ಅದರ ಮಕ್ಕಳೇ. ಸಂಸ್ಕೃತವೇ ತಾಯಿ ಅಂದುಕೊಂಡು ಹೊರಟರೆ ಮೊದಲ ಹೆಜ್ಜೆಯಲ್ಲೇ ದಾರಿ ತಪ್ಪುತ್ತದೆ. ಅದು ಅಕ್ಕ.

ಪದದ ಮೊದಲಿಗೆ * ಚಿಹ್ನೆ ಕಂಡರೆ ‘ಇದು ಎಲ್ಲೂ ಬರೆದಿಟ್ಟಿದ್ದಲ್ಲ, ನಾವು ಲೆಕ್ಕ ಹಾಕಿದ್ದು’ ಎಂದು ಅರ್ಥ. ಇನ್ನು ಲಿಪಿಯ ಮಾತು. ‘ಥಿನ್’ ಎನ್ನುವಾಗ ಇಂಗ್ಲಿಷರು ಹಲ್ಲಿನ ನಡುವೆ ಊದುವ ಧ್ವನಿಗೆ ಥ಼ ಎಂದೂ, ‘ದಿಸ್’ ಎನ್ನುವಾಗಿನ ಧ್ವನಿಗೆ ದ಼ ಎಂದೂ ಚುಕ್ಕಿ ಇಟ್ಟು ಬರೆಯುತ್ತೇನೆ. ಹಳೆಯ ರೂಪಗಳಿಗೆ ತ, ದ ಬಳಸುತ್ತೇನೆ. ಇಂದಿನ ಇಂಗ್ಲಿಷ್, ಜರ್ಮನ್ ಪದಗಳಿಗೆ ಮಾತ್ರ ನಮ್ಮ ಕಿವಿಗೆ ಬೀಳುವ ಹಾಗೆ ಟ, ಡ.

ಕನ್ನಡದಲ್ಲೇ ಒಂದು ಸಣ್ಣ ಅಭ್ಯಾಸ

ತಮಿಳಿನಲ್ಲಿ ಪಾಲ್, ಕನ್ನಡದಲ್ಲಿ ಹಾಲು. ಪಲ್, ಹಲ್ಲು. ಪುಲಿ, ಹುಲಿ. ಪೂ, ಹೂವು. ಒಂದು ಜೋಡಿ ಸಿಕ್ಕರೆ ಅದು ಆಕಸ್ಮಿಕ ಇರಬಹುದು. ಸಾಲು ಸಾಲಾಗಿ ಸಿಕ್ಕರೆ ಅಲ್ಲೊಂದು ನಿಯಮ ಇದೆ: ಹಳಗನ್ನಡದ ಪ ಮುಂದೆ ಹ ಆಯಿತು. ಹೀಗೆ ಒಂದು ಭಾಷೆಯ ಧ್ವನಿಗೆ ಇನ್ನೊಂದರಲ್ಲಿ ಗೊತ್ತಾದ ಧ್ವನಿಯೇ ಪದೇ ಪದೇ ಬರುವುದನ್ನು ‘ಕ್ರಮಬದ್ಧ ಹೊಂದಿಕೆ’ ಎನ್ನೋಣ. ‘ಕೆಂಪು’ ಪದಕ್ಕೂ ಇದು ನಡೆಯುತ್ತದೆ. ನಮ್ಮ ಕೆಂದಾವರೆ ತಮಿಳಿನಲ್ಲಿ ಸೆಂದಾಮರೈ. ನಮ್ಮ ಕಿವಿ ಅಲ್ಲಿ ಸೆವಿ. ಕೆ, ಕಿ ಇದ್ದಲ್ಲಿ ಅವರದು ಸೆ. ಈ ಕೆಂಪು ದ್ರಾವಿಡ ಪದ. ಅದಕ್ಕೂ ‘ರೆಡ್’ಗೂ ಸಂಬಂಧ ಹುಡುಕಬೇಡಿ. ಆದರೆ ಲೆಕ್ಕ ಹಾಕುವ ರೀತಿ ಎರಡಕ್ಕೂ ಒಂದೇ.

1. ಹಳೆಯ ರೂಪಗಳನ್ನು ಬರೆದುಕೊಳ್ಳಿ

ಇಂದಿನ ರೂಪದಿಂದ ಶುರು ಮಾಡಬೇಡಿ. ಪ್ರತಿ ಭಾಷೆಯಲ್ಲೂ ಸಿಗುವ ಅತಿ ಹಳೆಯ ರೂಪ ತೆಗೆದುಕೊಳ್ಳಿ. ಕೆಳಗಿನ ಪಟ್ಟಿಯಲ್ಲಿ ಗೋಥಿಕ್ ಈಗ ಯಾರೂ ಆಡದ ಜರ್ಮ್ಯಾನಿಕ್ ಭಾಷೆ, ಹಳೆ ನಾರ್ಸ್ ಎಂದರೆ ಸ್ವೀಡಿಷ್, ಐಸ್‌ಲ್ಯಾಂಡಿಕ್‌ಗಳ ಹಿಂದಿನ ರೂಪ, ಫ್ರಿಸಿಯನ್, ಸ್ಯಾಕ್ಸನ್ ಉತ್ತರ ಜರ್ಮನಿ ಕಡೆಯವು, ಹಳೆ ಹೈ ಜರ್ಮನ್ ಇಂದಿನ ಜರ್ಮನ್ನಿನ ಹಿಂದಿನ ರೂಪ.

ಗೋಥಿಕ್: ರೌಥ಼್ಸ್
ಹಳೆ ನಾರ್ಸ್: ರೌದ಼್ರ್
ಹಳೆ ಇಂಗ್ಲಿಷ್: ರೇಅದ್
ಹಳೆ ಫ್ರಿಸಿಯನ್: ರಾದ್
ಹಳೆ ಸ್ಯಾಕ್ಸನ್: ರೋದ್
ಹಳೆ ಹೈ ಜರ್ಮನ್: ರೋತ್

ಗೋಥಿಕ್ ಇಲ್ಲಿ ಬಹಳ ಮುಖ್ಯ. ವುಲ್ಫಿಲ ಎಂಬ ಬಿಷಪ್ 4ನೇ ಶತಮಾನದಲ್ಲಿ ಬೈಬಲ್ಲನ್ನು ಗೋಥಿಕ್‌ಗೆ ಅನುವಾದಿಸಿದ. ಜರ್ಮ್ಯಾನಿಕ್ ಭಾಷೆಗಳಲ್ಲಿ ಇಷ್ಟು ಹಳೆಯ ದೊಡ್ಡ ಬರಹ ಬೇರೆ ಇಲ್ಲ.

ಇಲ್ಲೇ ಒಂದು ಎಚ್ಚರಿಕೆ. ನಿಘಂಟಿನಲ್ಲಿ ‘ರೌಥ಼್ಸ್’ ಎಂದು ಅಚ್ಚಾಗಿದ್ದರೂ ಆ ರೂಪ ಯಾವ ಹಸ್ತಪ್ರತಿಯಲ್ಲೂ ಇಲ್ಲ. ಗೋಥಿಕ್‌ನಲ್ಲಿ ಯೋಹಾನನ ಸುವಾರ್ತೆಗೆ ಬರೆದ ಒಂದು ವ್ಯಾಖ್ಯಾನ ಇದೆ, ಹೆಸರು ಸ್ಕೈರೀನ್ಸ್. ಅದರ 8 ಹಾಳೆಗಳು ಮಾತ್ರ ಉಳಿದಿವೆ. ಅದರಲ್ಲಿ ಶುದ್ಧೀಕರಣಕ್ಕೆ ನೀರು ಚಿಮುಕಿಸುವ ಮಾತು ಬರುವ ಕಡೆ ‘ವುಲ್ಲೈ ರೌದೈ’ ಎಂದಿದೆ, ಅಂದರೆ ‘ಕೆಂಪು ಉಣ್ಣೆಯಿಂದ’. ನಮ್ಮ ಕೈಯಲ್ಲಿರುವುದು ಈ ವಿಭಕ್ತಿ ಹತ್ತಿದ ರೌದೈ. ಮೊದಲ ವಿಭಕ್ತಿಯ ರೌಥ಼್ಸ್ ರೂಪವನ್ನು ವಿದ್ವಾಂಸರು ಗೋಥಿಕ್‌ನ ಬೇರೆ ಪದಗಳ ನಡೆ ನೋಡಿ ಕಟ್ಟಿದ್ದಾರೆ. ಆದ್ದರಿಂದ ನಿಘಂಟಿನ ರೂಪ ಬರೆದುಕೊಳ್ಳುವಾಗ ‘ನಿಜವಾಗಿ ಸಿಕ್ಕಿದ್ದು ಯಾವುದು’ ಎಂದು ಪಕ್ಕದಲ್ಲಿ ಗುರುತು ಹಾಕಿ. ಇದನ್ನು ಬಿಟ್ಟರೆ ಏನಾಗುತ್ತದೆ ಎಂದು 5ನೇ ಹಂತದಲ್ಲಿ ನೋಡುತ್ತೀರಿ.

2. ಎರವಲು ಪದಗಳನ್ನು ಹೊರಗಿಡಿ

ಇಂಗ್ಲಿಷಿನಲ್ಲಿ ರೂಬಿ, ರೂಜ್ ಕೂಡ ಕೆಂಪಿಗೆ ಸಂಬಂಧಿಸಿದ ಪದಗಳೇ. ಆದರೆ ಅವು ಲ್ಯಾಟಿನ್ನಿನಿಂದ ಫ್ರೆಂಚ್ ಮೂಲಕ ಬಂದವು. ಅವನ್ನು ಪಟ್ಟಿಗೆ ಸೇರಿಸಿದರೆ ಲೆಕ್ಕವೆಲ್ಲ ಕೆಡುತ್ತದೆ.

ಕನ್ನಡದಲ್ಲಿ ಹೊತ್ತಗೆ, ಪುಸ್ತಕ ಎರಡೂ ಇವೆಯಲ್ಲ, ಹಾಗೆಯೇ ಇದು. ಪುಸ್ತಕ ಎಂಬ ಪದ ಹಿಂದೆಯೇ ಬಂದು ಪೊತ್ತಗೆ ಆಗಿ, ಪ ಹೋಗಿ ಹ ಆಗುವ ಕಾಲದಲ್ಲಿ ಹೊತ್ತಗೆ ಆಯಿತು. ಪುಸ್ತಕ ಎಂದು ನಾವು ಈಗ ಬಳಸುವುದು ಸಂಸ್ಕೃತದಿಂದ ನೇರವಾಗಿ ಎತ್ತಿಕೊಂಡ ರೂಪ. ಧ್ವನಿ ಬದಲಾವಣೆ ಆ ಕಾಲದಲ್ಲಿ ಭಾಷೆಯೊಳಗೆ ಇದ್ದ ಪದವನ್ನು ಮಾತ್ರ ಮುಟ್ಟುತ್ತದೆ.

3. ಪ್ರಾಸದ ಗೆಳೆಯರನ್ನು ಹುಡುಕಿ

ನನ್ನ ಪ್ರಕಾರ ಇಡೀ ಕೆಲಸದ ಜೀವಾಳ ಈ ಹಂತ. ಒಂದೇ ಪದ ಇಟ್ಟುಕೊಂಡು ಏನನ್ನೂ ಸಾಧಿಸಲು ಆಗುವುದಿಲ್ಲ. ಅದೇ ರೀತಿ ನಡೆದುಕೊಳ್ಳುವ ಬೇರೆ ಪದ ಬೇಕು.

ಇಂಗ್ಲಿಷಿನ ರೆಡ್, ಡೆಡ್, ಬ್ರೆಡ್ ತೆಗೆದುಕೊಳ್ಳಿ. ಕೆಂಪು, ಸತ್ತ, ರೊಟ್ಟಿ. ಅರ್ಥದಲ್ಲಿ ಒಂದಕ್ಕೊಂದು ಸಂಬಂಧವಿಲ್ಲ. ಜರ್ಮನ್ನಿನಲ್ಲಿ ಇದೇ ಮೂರು ರೋಟ್, ಟೋಟ್, ಬ್ರೋಟ್. ಡಚ್ಚಿನಲ್ಲಿ ರೋಟ್, ಡೋಟ್, ಬ್ರೋಟ್. ಹಿಂದಕ್ಕೆ ಹೋಗಿ. ಹಳೆ ನಾರ್ಸ್‌ನಲ್ಲಿ ರೌದ಼್ರ್, ದೌದ಼್ರ್, ಬ್ರೌದ಼್. ಹಳೆ ಇಂಗ್ಲಿಷ್‌ನಲ್ಲಿ ರೇಅದ್, ದೇಅದ್, ಬ್ರೇಅದ್. ಸಾವಿರ ವರ್ಷದ ಹಿಂದೆ ಪ್ರಾಸವಾಗಿದ್ದವು ಇವತ್ತಿಗೂ ಪ್ರಾಸವಾಗಿವೆ. ಪ್ರತಿ ಭಾಷೆಯಲ್ಲೂ ಸ್ವರ ಬದಲಾಗಿದೆ, ಆದರೆ ಮೂರೂ ಕೈ ಹಿಡಿದುಕೊಂಡೇ ಬದಲಾಗಿವೆ. ಧ್ವನಿ ಬದಲಾವಣೆ ಪದದ ಅರ್ಥ ನೋಡುವುದಿಲ್ಲ, ಧ್ವನಿಯನ್ನಷ್ಟೇ ನೋಡುತ್ತದೆ ಎನ್ನುವುದಕ್ಕೆ ಇದಕ್ಕಿಂತ ಚಂದದ ಸಾಕ್ಷಿ ನನಗೆ ಗೊತ್ತಿಲ್ಲ.

ಸಾಮಾನ್ಯ ತಪ್ಪು: ಒಂದೇ ಭಾಷೆಯ ಪ್ರಾಸ ನಂಬುವುದು. ಇಂಗ್ಲಿಷಿನಲ್ಲಿ ‘ಬೆಡ್’ ಕೂಡ ‘ರೆಡ್’ಗೆ ಪ್ರಾಸ. ಆದರೆ ಜರ್ಮನ್ನಿನಲ್ಲಿ ಹಾಸಿಗೆಗೆ ಬೆಟ್, ಗೋಥಿಕ್‌ನಲ್ಲಿ ಬದಿ. ಸಾಲು ಅಲ್ಲೇ ಮುರಿಯಿತು. ಬೆಡ್ ಈ ಗುಂಪಿನದಲ್ಲ. ಕನಿಷ್ಠ ಮೂರು ಭಾಷೆಗಳಲ್ಲಿ ಪ್ರಾಸ ಕೂಡಿದರೆ ಮಾತ್ರ ಪಟ್ಟಿಗೆ ಸೇರಿಸಿ.

4. ಸ್ವರವನ್ನು ನಿರ್ಧರಿಸಿ

ಈಗ ನಿಮ್ಮ ಪಟ್ಟಿಯ ಸ್ವರಗಳನ್ನು ಮೇಲಿನಿಂದ ಕೆಳಗೆ ಓದಿ: ಔ, ಔ, ಏಅ, ಆ, ಓ, ಓ. ತಾಯಿ ಭಾಷೆಯಲ್ಲಿ ಯಾವುದಿತ್ತು?

ಇಲ್ಲಿ ಓಟು ಎಣಿಸಬೇಡಿ. ಯಾವ ಸ್ವರದಿಂದ ಹೊರಟರೆ ಉಳಿದೆಲ್ಲವನ್ನೂ ತಲುಪಬಹುದು ಎಂದು ಕೇಳಿ. ಮೊದಲು ‘ಓ’ ಇತ್ತು ಅಂದುಕೊಳ್ಳೋಣ. ಹಾಗಿದ್ದರೆ ನಿಜವಾಗಿಯೂ ‘ಓ’ ಇದ್ದ ಪದದ ಹಾಗೆ ಇದೂ ನಡೆದುಕೊಳ್ಳಬೇಕು. ‘ಗುಡ್’ ಅಂಥ ಪದ. ಗೋಥಿಕ್‌ನಲ್ಲಿ ಗೋಥ಼್ಸ್, ಹಳೆ ನಾರ್ಸ್‌ನಲ್ಲಿ ಗೋದ಼್ರ್, ಹಳೆ ಇಂಗ್ಲಿಷ್‌ನಲ್ಲಿ ಗೋದ್, ಹಳೆ ಹೈ ಜರ್ಮನ್‌ನಲ್ಲಿ ಗುಓತ್. ‘ರೆಡ್’ನಲ್ಲೂ ಓ ಇದ್ದಿದ್ದರೆ ಹಳೆ ಹೈ ಜರ್ಮನ್‌ನಲ್ಲಿ ರುಓತ್ ಬರಬೇಕಿತ್ತು. ಬಂದಿಲ್ಲ. ಓ ಬಿತ್ತು.

‘ಔ’ ಇಟ್ಟು ನೋಡಿ. ಗೋಥಿಕ್, ನಾರ್ಸ್ ಎರಡೂ ಅದನ್ನು ಹಾಗೇ ಉಳಿಸಿಕೊಂಡಿವೆ. ಸ್ಯಾಕ್ಸನ್ನಿನಲ್ಲಿ ಔ ಒತ್ತಿ ಓ ಆಗಿದೆ. ಸಂಸ್ಕೃತದಲ್ಲೂ ಹಳೆಯ ‘ಅಉ’ ಹೀಗೇ ‘ಓ’ ಆಯಿತು, ಗುಣಸಂಧಿಯಲ್ಲಿ ಅ ಮತ್ತು ಉ ಸೇರಿ ಓ ಆಗುವುದು ಅದರ ಗುರುತು. ಹೊರಗಿನ ಸಾಕ್ಷಿಯೂ ಇದೆ. ಫಿನ್ನಿಷ್ ಜರ್ಮ್ಯಾನಿಕ್ ಭಾಷೆಯಲ್ಲ, ಆದರೆ ಬಹಳ ಹಿಂದೆ ನೆರೆಯವರಿಂದ ಪದ ಎರವಲು ಪಡೆಯಿತು. ಅಲ್ಲಿ ಕಬ್ಬಿಣಕ್ಕೆ ‘ರೌತ’ ಎನ್ನುತ್ತಾರೆ. ಜೌಗಿನಲ್ಲಿ ಸಿಗುವ ಕೆಂಪು ಅದಿರಿಗೆ ಇದ್ದ ಜರ್ಮ್ಯಾನಿಕ್ ಹೆಸರು ಅದು. ಅದರಲ್ಲಿ ಔ ಇವತ್ತಿಗೂ ಗಟ್ಟಿಯಾಗಿ ಕೂತಿದೆ.

ಒಂದು ಕಡೆ ನಿಮಗೆ ಗೊಂದಲ ಆಗಬಹುದು. ‘ಕಣ್ಣು’ ಪದದಲ್ಲೂ ಇದೇ ಔ: ಗೋಥಿಕ್ ಔಗೋ, ನಾರ್ಸ್ ಔಗ, ಹಳೆ ಇಂಗ್ಲಿಷ್ ಏಅಗೆ. ಆದರೆ ಹಳೆ ಹೈ ಜರ್ಮನ್‌ನಲ್ಲಿ ಓ ಬರದೆ ಒಉಗ ಬಂದಿದೆ. ನಿಯಮ ಮುರಿಯಿತೇ? ಇಲ್ಲ. ಆ ಭಾಷೆಯಲ್ಲಿ ತ, ದ, ನ, ಸದಂಥ ಹಲ್ಲಿನ ವ್ಯಂಜನ, ರ, ಹ ಇವುಗಳ ಮುಂಚೆ ಇದ್ದ ಔ ಮಾತ್ರ ಓ ಆಗುತ್ತದೆ, ಉಳಿದ ಕಡೆ ಒಉ. ಅಪವಾದ ಕಂಡಾಗ ಪದವನ್ನು ಬಿಸಾಡಬೇಡಿ, ಪಕ್ಕದ ಧ್ವನಿ ಯಾವುದು ನೋಡಿ.

ಇಂಗ್ಲಿಷಿನಲ್ಲಿ ಈ ದೀರ್ಘ ಸ್ವರ ಆಮೇಲೆ ಕುಗ್ಗಿ ರೆಡ್ ಆಯಿತು. ರೀಡ್ ಎಂಬ ಮನೆತನದ ಹೆಸರಿನಲ್ಲಿ ದೀರ್ಘ ಇನ್ನೂ ಉಳಿದಿದೆ. ಕೆಂಚನೆಯ ಕೂದಲಿನವರಿಗೆ ಬಿದ್ದ ಹೆಸರು ಅದು, ನಮ್ಮಲ್ಲಿ ಕೆಂಚಪ್ಪ, ಕೆಂಪಯ್ಯ ಇರುವ ಹಾಗೆ.

5. ವ್ಯಂಜನವನ್ನು ನಿರ್ಧರಿಸಿ

ರ ಎಲ್ಲ ಕಡೆ ರ ಆಗಿಯೇ ಇದೆ, ಅದನ್ನು ಮುಟ್ಟುವುದೇ ಬೇಡ. ಕಷ್ಟ ಇರುವುದು ಕೊನೆಯ ವ್ಯಂಜನದಲ್ಲಿ: ಥ಼, ದ಼, ದ, ತ.

ತ ಇರುವುದು ಹಳೆ ಹೈ ಜರ್ಮನ್‌ನಲ್ಲಿ ಮಾತ್ರ. ಇಂಗ್ಲಿಷಿನ ಡೇ, ಡೋರ್, ಡೀಪ್ ಜರ್ಮನ್ನಿನಲ್ಲಿ ಟಾಗ್, ಟ್ಯೂರ್, ಟೀಫ್. ದ ಇದ್ದ ಕಡೆಯೆಲ್ಲ ಅಲ್ಲಿ ತ ಆಗಿದೆ. ಹಾಗಾಗಿ ತ ಹೊಸದು.

ಗೋಥಿಕ್‌ನ ಥ಼? ಇಲ್ಲೇ ತುಂಬಾ ಜನ ಎಡವುತ್ತಾರೆ. ‘ಗೋಥಿಕ್ ಎಲ್ಲಕ್ಕಿಂತ ಹಳೆಯದು, ಅಲ್ಲಿ ಥ಼ ಇದೆ, ಹಾಗಾದರೆ ಮೂಲದಲ್ಲೂ ಥ಼’ ಎಂದು ಬರೆದುಬಿಡುತ್ತಾರೆ. ಮೊದಲ ಹಂತದಲ್ಲಿ ಹಾಕಿದ ಗುರುತು ಈಗ ನೋಡಿ. ಹಸ್ತಪ್ರತಿಯಲ್ಲಿ ಸಿಕ್ಕಿದ್ದು ರೌದೈ, ದ ಇರುವ ರೂಪ. ದ ಪದದ ಕೊನೆಗೆ ಬಂದಾಗ, ಇಲ್ಲವೇ ಅದಕ್ಕೆ ಕೊನೆಯಲ್ಲಿ ಸ್ ಬಂದು ಅಂಟಿದಾಗ ಮಾತ್ರ ಗೋಥಿಕ್ ದವನ್ನು ಥ಼ ಮಾಡುತ್ತದೆ. ಮೂಲದ್ದು ದ. ಸ್ವರದ ನಂತರ ಬರುವಾಗ ಅದರ ಉಚ್ಚಾರ ಮೆತ್ತಗೆ, ದ಼ ಹಾಗೆ ಇತ್ತು. ನಾರ್ಸ್ ಅದನ್ನೇ ಉಳಿಸಿಕೊಂಡಿದೆ.

ಥ಼ ಮತ್ತು ದ ಮೂಲದಲ್ಲೇ ಬೇರೆ ಬೇರೆ ಇದ್ದವು ಎನ್ನುವುದಕ್ಕೆ ಇಂಗ್ಲಿಷಿನ ‘ಡೆತ್’ ಮತ್ತು ‘ಡೆಡ್’ ಸಾಕು. ಸಾವು ಎಂಬ ನಾಮಪದದಲ್ಲಿ ಥ಼, ಸತ್ತ ಎಂಬ ಗುಣವಾಚಕದಲ್ಲಿ ದ. ರೆಡ್ ಯಾವಾಗಲೂ ಎರಡನೆಯದರ ಜೊತೆಗೇ ನಡೆಯುತ್ತದೆ.

6. ಪದದ ಕೊನೆಯನ್ನು ಮರೆಯಬೇಡಿ

ಗೋಥಿಕ್‌ನಲ್ಲಿ ಸ್, ನಾರ್ಸ್‌ನಲ್ಲಿ ರ್, ಉಳಿದ ಕಡೆ ಏನೂ ಇಲ್ಲ. ಎರಡನ್ನೂ ಕೊಡಬಲ್ಲ ಧ್ವನಿ ಜ಼್, ಇಂಗ್ಲಿಷರು ‘ಜ಼ೂ’ ಎನ್ನುವಾಗಿನ ಧ್ವನಿ. ಅದರ ಹಿಂದೆ ಸ್ವರ ಇತ್ತೇ? ಈ ಆರು ಭಾಷೆಗಳಲ್ಲಿ ಉತ್ತರ ಇಲ್ಲ.

ಉತ್ತರ ಇರುವುದು ಡೆನ್ಮಾರ್ಕಿನ ಗ್ಯಾಲೆಹುಸ್‌ನಲ್ಲಿ 1734ರಲ್ಲಿ ಸಿಕ್ಕ ಒಂದು ಚಿನ್ನದ ಕೊಂಬಿನ ಮೇಲೆ. ಸುಮಾರು ಕ್ರಿ.ಶ. 400ರದು. ರೂನ್ ಎಂಬ ಹಳೆಯ ಜರ್ಮ್ಯಾನಿಕ್ ಲಿಪಿಯಲ್ಲಿ ಕೆತ್ತಿದ ಸಾಲು ಹೀಗಿದೆ: ‘ಎಕ್ ಹ್ಲೆವಗಸ್ತಿಜ಼್ ಹೊಲ್ತಿಯಜ಼್ ಹೊರ್ನ ತವಿದೊ’. ಹ್ಲೆವಗಸ್ತಿಜ಼್ ಎಂಬವನು ಈ ಕೊಂಬನ್ನು ನಾನು ಮಾಡಿದೆ ಎನ್ನುತ್ತಿದ್ದಾನೆ. ‘ಹೊಲ್ತಿಯಜ಼್’ ನೋಡಿ, ಕೊನೆಯಲ್ಲಿ ಅಜ಼್. 1802ರಲ್ಲಿ ಕಳ್ಳನೊಬ್ಬ ಆ ಕೊಂಬನ್ನು ಕದ್ದು ಕರಗಿಸಿಬಿಟ್ಟ. ಅದಕ್ಕೆ ಮೊದಲೇ ಅದರ ಚಿತ್ರ ಬರೆದಿಟ್ಟಿದ್ದರು, ಅದರಿಂದ ಸಾಲು ಉಳಿಯಿತು. ಅಜ಼್‌ಗೆ ಫಿನ್ನಿಷ್ ಕೂಡ ಸಾಕ್ಷಿ. ರಾಜನಿಗೆ ಅಲ್ಲಿ ‘ಕುನಿಂಗಸ್’, ಇಂಗ್ಲಿಷಿನ ಕಿಂಗ್ ಪದದ ಹಳೆಯ ರೂಪ, ಕೊನೆಯ ಅಸ್ ಸಮೇತ.

ಎಲ್ಲ ಸೇರಿಸಿ ಬರೆಯಿರಿ: *ರೌದಜ಼್. ಇದೇ ಮೂಲ ಜರ್ಮ್ಯಾನಿಕ್ ರೂಪ.

ಜರ್ಮ್ಯಾನಿಕ್ ಗುಣವಾಚಕಕ್ಕೆ ಇನ್ನೊಂದು ಬಗೆಯ ರೂಪವೂ ಇತ್ತು. ‘ಆ ಕೆಂಪನೆಯ’ ಎಂದು ಬೊಟ್ಟು ಮಾಡಿ ಹೇಳುವಾಗ ಪ್ರತ್ಯಯಗಳು ಬೇರೆ. ಗ್ರೀನ್‌ಲ್ಯಾಂಡಿನಲ್ಲಿ ನೆಲೆ ಹೂಡಿದ ಎರಿಕ್‌ನನ್ನು ನಾರ್ಸ್‌ನಲ್ಲಿ ರೌದ಼್ರ್ ಎನ್ನುವುದಿಲ್ಲ, ಎಯ್ರೀಕ್ರ್ ರೌದ಼ಿ ಎನ್ನುತ್ತಾರೆ. ಪಟ್ಟಿ ಮಾಡುವಾಗ ಈ ಎರಡು ಬಗೆಯನ್ನು ಕಲಸಬೇಡಿ.

7. ಇನ್ನೂ ಹಿಂದಕ್ಕೆ ಹೋಗಿ

ಈಗ ಜರ್ಮ್ಯಾನಿಕ್ ದಾಟಬೇಕು. ಇದಕ್ಕೆ ಬೇಕಾದ ಕೀಲಿಕೈ ಗ್ರಿಮ್ ನಿಯಮ. ಡೆನ್ಮಾರ್ಕಿನ ರಾಸ್ಕ್ 1818ರಲ್ಲಿ ಈ ಹೊಂದಿಕೆ ತೋರಿಸಿದ್ದ. ಯಾಕೋಬ್ ಗ್ರಿಮ್ 1822ರಲ್ಲಿ ಅದನ್ನು ನಿಯಮವಾಗಿ ಕೂಡಿಸಿಟ್ಟ. ನಮಗೆ ಬೇಕಾದಷ್ಟನ್ನು ಗೊತ್ತಿರುವ ಪದಗಳಲ್ಲೇ ನೋಡಿ. ಸಂಸ್ಕೃತದ ದ ಇಂಗ್ಲಿಷಿನಲ್ಲಿ ಟ: ದಶ, ಟೆನ್. ತ ಇದ್ದಲ್ಲಿ ಥ಼: ತ್ರಿ, ಥ್ರೀ. ಧ ಇದ್ದಲ್ಲಿ ಡ: ವಿಧವಾ, ವಿಡೋ.

ಹಾಗಾಗಿ ಇಂಗ್ಲಿಷಿನ ಡ ಕಂಡ ಕೂಡಲೇ ಸಂಸ್ಕೃತದ ದ ಹುಡುಕಬೇಡಿ. ಧ ಹುಡುಕಿ. ರುಧಿರದಲ್ಲಿ ಧ ಇದೆ, ಸರಿಯಾಗಿ ಕೂತಿತು.

ಆದರೂ ಒಂದು ಅನುಮಾನ ಉಳಿಯುತ್ತದೆ. ಜರ್ಮ್ಯಾನಿಕ್ ದ ಕೆಲವೊಮ್ಮೆ ಹಳೆಯ ತದಿಂದಲೂ ಬರುತ್ತದೆ. ಪಿತೃವಿಗೆ ಹಳೆ ಇಂಗ್ಲಿಷ್‌ನಲ್ಲಿ ‘ಫ್ಯಾದೆರ್’, ದ ಇತ್ತು. ಒತ್ತು ಪದದ ಯಾವ ಭಾಗದ ಮೇಲಿತ್ತು ಎನ್ನುವುದರಿಂದ ಹೀಗಾಯಿತು ಎಂದು ಕಾರ್ಲ್ ವರ್ನರ್ 1870ರ ದಶಕದಲ್ಲಿ ವಿವರಿಸಿದ. ನಮ್ಮ *ರೌದಜ಼್ ಕೊನೆಯಲ್ಲಿ ಸ್ ಇರಬೇಕಾದ ಕಡೆ ಜ಼್ ಇರುವುದನ್ನೂ ಇದೇ ನಿಯಮದಿಂದ ವಿವರಿಸುತ್ತಾರೆ. ಅಂದರೆ ಜರ್ಮ್ಯಾನಿಕ್ ಒಳಗೇ ಕೂತು ದ ಎಲ್ಲಿಂದ ಬಂತು ಎಂದು ತೀರ್ಮಾನಿಸಲು ಆಗದು, ಹೊರಗಿನವರನ್ನು ಕೇಳಲೇಬೇಕು. ಸಂಸ್ಕೃತ ರುಧಿರ, ಗ್ರೀಕ್ ಎರುಥ್ರೋಸ್, ಲ್ಯಾಟಿನ್ ರುಬೆರ್. ಧ, ಥ, ಬ ಈ ಮೂರು ಒಟ್ಟಿಗೆ ಬಂದರೆ ಮೂಲ ಧ ಎಂದೇ ಲೆಕ್ಕ.

ಸ್ವರಕ್ಕೆ ಮಾತ್ರ ಸಂಸ್ಕೃತವನ್ನು ಕೇಳಬೇಡಿ. ಹಳೆಯ ಎ, ಒ, ಅ ಮೂರನ್ನೂ ಅದು ಅ ಮಾಡಿಬಿಟ್ಟಿದೆ. ಜರ್ಮ್ಯಾನಿಕ್ ಕೂಡ ಒ ಬಿಟ್ಟು ಅ ಹಿಡಿದಿದೆ. ಎಂಟಕ್ಕೆ ಲ್ಯಾಟಿನ್ನಿನಲ್ಲಿ ಒಕ್ತೋ, ಗೋಥಿಕ್‌ನಲ್ಲಿ ಅಹ್ತೌ. ಹೀಗೆ ಹಿಂದಕ್ಕೆ ತಿರುಗಿಸಿದರೆ *ರೌದಜ಼್‌ಗೆ ಹಿಂದಿನ ರೂಪ *ರೊಉಧೊಸ್. ಇದರ ಮೊದಲಿಗೆ ಗಂಟಲಿನ ಒಂದು ಧ್ವನಿಯೂ ಇತ್ತು ಎನ್ನುತ್ತಾರೆ. ಗ್ರೀಕ್ ಪದದ ಮೊದಲಿಗೆ ಕಾಣುವ ‘ಎ’ ಅದರ ಗುರುತು.

8. ರುಧಿರವೋ, ಲೋಹವೋ?

ಈಗ ಮೊದಲಿನ ಪ್ರಶ್ನೆಗೆ ಬರೋಣ. ರೆಡ್, ರುಧಿರ ಒಂದೇ ಧಾತುವಿನವು. ಆದರೆ ಒಂದೇ ಪದ ಅಲ್ಲ.

ಕಾರಣ ಸ್ವರದ ದರ್ಜೆ. ಒಂದೇ ಧಾತುವಿನಲ್ಲಿ ಸ್ವರ ಏರುವುದು ಇಳಿಯುವುದು ಇಂಡೋ-ಯುರೋಪಿಯನ್ ಭಾಷೆಗಳ ಸ್ವಭಾವ. ಬುಧ, ಬೋಧ ನೋಡಿ. ಬುಧದಲ್ಲಿ ಸ್ವರ ಇಳಿದಿದೆ, ಬೋಧದಲ್ಲಿ ಏರಿದೆ. ರುಧಿರದಲ್ಲೂ ಸ್ವರ ಇಳಿದಿದೆ, ಎರುಥ್ರೋಸ್, ರುಬೆರ್ ಕೂಡ ಹಾಗೇ. ಇಂಗ್ಲಿಷಿನಲ್ಲಿ ಈ ದರ್ಜೆಗೆ ಸೇರುವುದು ‘ರಡ್ಡಿ’ ಎಂಬ ಪದ, ಕೆಂಪೇರಿದ ಮುಖಕ್ಕೆ ಹೇಳುತ್ತಾರಲ್ಲ, ಅದು. *ರೌದಜ಼್‌ನಲ್ಲಿ ಸ್ವರ ಏರಿದೆ. ಹಾಗಾಗಿ ಸಂಸ್ಕೃತದಲ್ಲಿ ಇದಕ್ಕೆ ಸರಿಸಾಟಿಯಾಗಿ ‘ಓ’ ಇರುವ ಪದ ಬೇಕು.

ಅದು ಲೋಹ.

ಒಂದೊಂದೇ ಧ್ವನಿ ಇಟ್ಟು ನೋಡಿ. ರ ಬದಲು ಲ: ಸಂಸ್ಕೃತದಲ್ಲಿ ರೋಹಿತ, ಲೋಹಿತ ಎರಡೂ ಇವೆ, ಅರ್ಥ ಒಂದೇ, ಕೆಂಪು. ಔ ಬದಲು ಓ. ಧ ಬದಲು ಹ: ಧಾ ಧಾತುವಿನಿಂದ ನಿಧಿಯೂ ಬರುತ್ತದೆ, ನಿಹಿತವೂ ಬರುತ್ತದೆ. ಅಜ಼್ ಬದಲು ವಿಸರ್ಗ. *ರೌದಜ಼್, ಲೋಹಃ. ಒಂದು ಧ್ವನಿಯೂ ಲೆಕ್ಕ ತಪ್ಪಲಿಲ್ಲ.

ಅರ್ಥ? ಲೋಹ ಪದಕ್ಕೆ ಹಿಂದೆ ‘ಕೆಂಪು’ ಎಂದೇ ಅರ್ಥ, ಆಮೇಲೆ ಕೆಂಪು ಲೋಹ, ಅಂದರೆ ತಾಮ್ರ. ಚಮಕ ಕೇಳಿದವರಿಗೆ ‘ಶ್ಯಾಮಂ ಚ ಮೇ ಲೋಹಂ ಚ ಮೇ’ ಎಂಬ ಸಾಲು ಕಿವಿಯಲ್ಲಿರುತ್ತದೆ. ಚಿನ್ನ, ಸೀಸ, ತವರದ ಸಾಲಿನಲ್ಲಿ ಬರುವ ಈ ಎರಡನ್ನು ಕಪ್ಪು ಲೋಹ, ಕೆಂಪು ಲೋಹ ಎಂದು ಭಾಷಾ ವಿದ್ವಾಂಸರು ಅರ್ಥ ಮಾಡುತ್ತಾರೆ. ಮುಂದೆ ಕಬ್ಬಿಣಕ್ಕೂ ಆ ಹೆಸರು ಹೋಯಿತು, ಕೊನೆಗೆ ಎಲ್ಲ ಲೋಹಕ್ಕೂ. ಫಿನ್ನಿಷ್‌ನ ‘ರೌತ’ ನೆನಪಿದೆಯಲ್ಲ? ಅಲ್ಲೂ ಕೆಂಪಿನ ಪದವೇ ಕಬ್ಬಿಣವಾಯಿತು. ಎರಡು ಕಡೆಯೂ ಬೇರೆ ಬೇರೆಯಾಗಿ ನಡೆದದ್ದು ಇದು, ಒಂದಕ್ಕೊಂದು ಗಂಟು ಹಾಕಬೇಡಿ.

9. ಅರ್ಥಕ್ಕೂ ಸ್ವಲ್ಪ ಜಾಗ ಕೊಡಿ

*ರೌದಜ಼್ ಎಂದರೆ ಇವತ್ತಿನ ಕೆಂಪೇ ಎಂದು ಬರೆಯಬೇಡಿ. ಹಳೆ ಇಂಗ್ಲಿಷ್, ಹಳೆ ನಾರ್ಸ್ ಎರಡರ ಕಾವ್ಯದಲ್ಲೂ ಚಿನ್ನವನ್ನು ಕೆಂಪು ಎನ್ನುತ್ತಾರೆ. ಆ ಪದದ ಹರವು ದೊಡ್ಡದಿತ್ತು. ನೋಟ್‌ಬುಕ್ಕಿನಲ್ಲಿ ‘ಕೆಂಪು, ಕೆಂಚು, ಹೊನ್ನಿನ ಬಣ್ಣ’ ಎಂದು ಬರೆದರೆ ಸತ್ಯಕ್ಕೆ ಹತ್ತಿರ.

ನಿಮ್ಮ ಸರದಿ

ಇನ್ನೊಂದು ಗುಣವಾಚಕ ಕೊಡುತ್ತೇನೆ, ಅರ್ಥ ‘ನಡುವಿನ’. ಗೋಥಿಕ್ ಮಿದ್ಯಿಸ್, ಹಳೆ ನಾರ್ಸ್ ಮಿದ಼್ರ್, ಹಳೆ ಇಂಗ್ಲಿಷ್ ಮಿದ್ದ್, ಹಳೆ ಸ್ಯಾಕ್ಸನ್ ಮಿದ್ದಿ, ಹಳೆ ಹೈ ಜರ್ಮನ್ ಮಿತ್ತಿ. ಹೊರಗಿನ ಸಾಕ್ಷಿ ಸಂಸ್ಕೃತ ಮಧ್ಯ, ಲ್ಯಾಟಿನ್ ಮೆದಿಉಸ್. ಎರಡು ಸುಳಿವು: ಇಂಗ್ಲಿಷ್, ಸ್ಯಾಕ್ಸನ್, ಜರ್ಮನ್ ಈ ಪಶ್ಚಿಮದ ಗುಂಪಿನಲ್ಲಿ ಯ ತನ್ನ ಹಿಂದಿನ ವ್ಯಂಜನವನ್ನು ದ್ವಿತ್ವ ಮಾಡುತ್ತದೆ. ಹಳೆಯ ಎ ಪಕ್ಕದಲ್ಲಿ ಯ ಇದ್ದರೆ ಜರ್ಮ್ಯಾನಿಕ್‌ನಲ್ಲಿ ಇ ಆಗುತ್ತದೆ. ನಿಮ್ಮ ಲೆಕ್ಕದ ಕೊನೆಯಲ್ಲಿ *ಮಿದ್ಯಜ಼್ ಬರಬೇಕು. ಬರದಿದ್ದರೆ 5ನೇ ಹಂತಕ್ಕೆ ಹಿಂತಿರುಗಿ, ಹಳೆ ಹೈ ಜರ್ಮನ್ ತ ನಿಮ್ಮನ್ನು ಎಳೆದುಕೊಂಡು ಹೋಗಿರಬಹುದು.